ಗುಳೆ ಹೋದವರು ಯಾವ ಊರಿನ ಲೆಕ್ಕಕ್ಕೆ?

ಮಾನವ ಭೂಗೋಳ ಎಂದರೆ ಊರು, ನದಿ, ಬೆಳೆಗಳ ಹೆಸರನ್ನು ಬಾಯಿಪಾಠ ಮಾಡುವುದು ಎಂದೇ ಪಿಯುಸಿ ಓದುವ ಎಷ್ಟೋ ಮಕ್ಕಳು ತಿಳಿದಿದ್ದಾರೆ. ಜನ ಇಲ್ಲೇ ಏಕೆ ನೆಲೆಸಿದರು, ಏಕೆ ಊರು ಬಿಟ್ಟರು, ಯಾವ ಹಳ್ಳಿಗೆ ಯಾವ ಪೇಟೆ ಆಸರೆ ಎಂದು ಕೇಳುವ ಶಾಸ್ತ್ರ ಅದು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಗುಲಬರ್ಗಾದಿಂದ (ಈಗಿನ ಕಲಬುರಗಿ) ಬೇರ್ಪಡಿಸಿ 2009ರ ಡಿಸೆಂಬರ್‌ನಲ್ಲಿ ಕಟ್ಟಿದ ಯಾದಗಿರಿ ಜಿಲ್ಲೆಯಲ್ಲಿ ನಿಂತು ನೋಡಿದರೆ, ಈ ವಿಷಯದ ಬಗ್ಗೆ ಬೇರೂರಿರುವ ಕೆಲವು ತಪ್ಪು ತಿಳಿವಳಿಕೆಗಳು ಎದ್ದು ಕಾಣುತ್ತವೆ.

ತಪ್ಪು ಕಲ್ಪನೆ: ಮಳೆ, ಮಣ್ಣು ಹೇಗಿದೆಯೋ ಬದುಕೂ ಹಾಗೆಯೇ.

ನಿಸರ್ಗವೇ ಮನುಷ್ಯನನ್ನು ರೂಪಿಸುತ್ತದೆ ಎಂಬ ವಾದಕ್ಕೆ ಜರ್ಮನಿಯ ಭೂಗೋಳಜ್ಞ ರಾಟ್ಸೆಲ್ ಹೆಸರನ್ನು ತಗುಲಿಸಲಾಗುತ್ತದೆ. ನಿಸರ್ಗ ಕೊಡುವುದು ಅವಕಾಶಗಳನ್ನು, ಆರಿಸಿಕೊಳ್ಳುವವನು ಮನುಷ್ಯ ಎಂಬುದು ಫ್ರಾನ್ಸಿನ ವಿದಾಲ್ ದ ಲಾ ಬ್ಲಾಶ್ ಹಾಕಿಕೊಟ್ಟ ದಾರಿ. ಇಂಥ ಆಯ್ಕೆಗೆ ಈ ಜಿಲ್ಲೆಯಲ್ಲೇ ಹಳೆಯ ಸಾಕ್ಷಿಯಿದೆ. ಹುಣಸಗಿ ಬಳಿಯ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ತೆಗೆದದ್ದು ಹತ್ತು ಲಕ್ಷ ವರ್ಷಕ್ಕೂ ಹಿಂದಿನದೆಂದು ಅಂದಾಜಿಸಲಾದ ಕಲ್ಲಿನ ಆಯುಧಗಳ ನೆಲೆ. ಸುಣ್ಣಕಲ್ಲಿನ ಚಪ್ಪಡಿ ಸುಲಭವಾಗಿ ಸಿಗುವ ಜಾಗವನ್ನು ಆದಿಮಾನವ ಹುಡುಕಿಕೊಂಡಿದ್ದ. ಈಚಿನ ಉದಾಹರಣೆ ಬೇಕೆಂದರೆ ನಾರಾಯಣಪುರದ ಬಸವಸಾಗರ ಜಲಾಶಯವಿದೆ. ಎಡದಂಡೆ ಕಾಲುವೆ ಬಂದ ಮೇಲೆ ಜೋಳ, ತೊಗರಿ ಬೆಳೆಯುತ್ತಿದ್ದ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲೇ ಭತ್ತದ ಗದ್ದೆ ಎದ್ದಿತು. ಮಳೆ ಬದಲಾಗಲಿಲ್ಲ, ಮಣ್ಣೂ ಅದೇ. ಆದರೆ ನೀರು ಹೆಚ್ಚಾದಲ್ಲಿ ಅದೇ ಎರಿ ಸವಳು-ಜವಳಾಗಿ ಸೇಡು ತೀರಿಸಿಕೊಂಡಿತು. ಆದ್ದರಿಂದ ಮನುಷ್ಯ ಬಯಸಿದ್ದೆಲ್ಲ ಆಗುತ್ತದೆ ಎಂಬ ಹೆಮ್ಮೆಯೂ ನಿಲ್ಲದು.

ತಪ್ಪು ಕಲ್ಪನೆ: ಲಿಂಗಾನುಪಾತ ಚೆನ್ನಾಗಿದ್ದರೆ ಹೆಣ್ಣಿನ ಬಾಳೂ ಚೆನ್ನಾಗಿದೆ.

2011ರ ಜನಗಣತಿಯಲ್ಲಿ ಯಾದಗಿರಿಯಲ್ಲಿ ಸಾವಿರ ಗಂಡಸರಿಗೆ 989 ಹೆಂಗಸರು. ರಾಜ್ಯದ ಸರಾಸರಿ 973. ಇಷ್ಟೇ ಓದಿದವರು ಸಂತೋಷಪಡುತ್ತಾರೆ. ಅದೇ ಗಣತಿಯ ಇನ್ನೊಂದು ಪುಟ ತೆರೆದರೆ, ಇಲ್ಲಿ ಓದುಬರಹ ಬಲ್ಲ ಗಂಡಸರು ಶೇ 62ರಷ್ಟು, ಹೆಂಗಸರು ಶೇ 41ರಷ್ಟು ಮಾತ್ರ. ಒಟ್ಟು ಸಾಕ್ಷರತೆ ಶೇ 51.83, ರಾಜ್ಯದಲ್ಲೇ ತೀರ ಕೆಳಗೆ. ಮತ್ತೆ ಆ 989 ಎಂಬ ಸಂಖ್ಯೆಯನ್ನು ಹೇಗೆ ಓದಬೇಕು?

ಗುಳೆಯ ಜೊತೆಗಿಟ್ಟು ಓದಬೇಕು. ಸುಗ್ಗಿ ಮುಗಿದೊಡನೆ ಇಲ್ಲಿನ ಹಳ್ಳಿಗಳ ಜನ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಬಸ್ಸಿನ ಮೇಲೆ ಜೋಳದ ಚೀಲ, ಪಾತ್ರೆಯ ಗಂಟು, ಕಂಬಳಿ. ಬೀಗ ಹಾಕಿದ ಮನೆಯ ಕಟ್ಟೆಯ ಮೇಲೆ ಮುದುಕಿ, ಅವಳ ಹತ್ತಿರ ಶಾಲೆಗೆ ಹೋಗಬೇಕಾದ ಎರಡು ಮಕ್ಕಳು. 2011ರ ಆ ಗಣತಿಯ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ಅಂದರೆ ಗುಳೆಯ ನಡುಗಾಲದಲ್ಲಿ. ಆ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಅವರಿದ್ದ ಕಡೆಯೇ ಎಣಿಸಬೇಕೆಂಬುದು ನಿಯಮ. ಇಡೀ ಕುಟುಂಬ ಹೋದರೆ ಊರಿನ ಒಟ್ಟು ಸಂಖ್ಯೆ ತಗ್ಗುತ್ತದೆ. ಗಂಡಸರಷ್ಟೇ ಹೋದರೆ ಉಳಿದವರಲ್ಲಿ ಹೆಂಗಸರ ಪ್ರಮಾಣ ತಾನಾಗಿ ಏರುತ್ತದೆ. ಹುಟ್ಟುವ ಹೆಣ್ಣುಮಗುವಿನ ಗತಿ ತಿಳಿಯಬೇಕಾದರೆ ಆರು ವರ್ಷದೊಳಗಿನ ಮಕ್ಕಳ ಅನುಪಾತವನ್ನು ಬೇರೆಯಾಗಿ ನೋಡಬೇಕು.

ಬರಗಾಲ ಬಂದರೆ ಮಾತ್ರ ಗುಳೆ ಎಂಬುದೂ ಅರ್ಧಸತ್ಯ. ಕಾಲುವೆ ಹರಿಯುವ ತಾಲ್ಲೂಕುಗಳಿಂದಲೂ ಜನ ಹೋಗುತ್ತಾರೆ. ಹೊಲವಿಲ್ಲದ ಕೂಲಿಗೆ, ಕಾಲುವೆಯ ಕೊನೆಯಲ್ಲಿ ನೀರು ಕಾಣದ ರೈತನಿಗೆ, ಮುಂಗಡ ಪಡೆದು ಕೈಕಟ್ಟಿಸಿಕೊಂಡ ಕುಟುಂಬಕ್ಕೆ ತುಂಬಿದ ಜಲಾಶಯದಿಂದ ಆಗುವುದೇನು? ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿ ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದ್ದಕ್ಕೆ ಮಳೆಯೊಂದೇ ಕಾರಣವಲ್ಲ.

ತಪ್ಪು ಕಲ್ಪನೆ: ಜನಸಾಂದ್ರತೆ ಕಡಿಮೆ ಇದ್ದರೆ ಭೂಮಿ ಧಾರಾಳ.

2011ರ ಗಣತಿಯಂತೆ ಇಲ್ಲಿ ಚದರ ಕಿಲೋಮೀಟರಿಗೆ 223 ಜನ, ರಾಜ್ಯದಲ್ಲಿ 319. ಈ ಭಾಗಾಕಾರದಲ್ಲಿ ಸುರಪುರದ ಬಂಡೆಗುಡ್ಡಗಳೂ ನೀರಿನಡಿಯ ನೆಲವೂ ಸೇರಿವೆ. ಉಳುವ ಭೂಮಿಯಿಂದ ಭಾಗಿಸಿದರೆ ಬರುವ ಸಾಂದ್ರತೆ ಬೇರೆ. ಆ ಭೂಮಿ ಯಾರ ಹೆಸರಿನಲ್ಲಿದೆ ಎಂಬುದನ್ನು ಎರಡೂ ಹೇಳುವುದಿಲ್ಲ.

ತಪ್ಪು ಕಲ್ಪನೆ: ದೊಡ್ಡ ಪ್ರಮಾಣದ ನಕಾಶೆ ದೊಡ್ಡ ಪ್ರದೇಶ ತೋರಿಸುತ್ತದೆ.

ಇದು ತಿರುಗುಮುರುಗು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಹಾಳೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಹಳ್ಳ, ಬಂಡಿದಾರಿ, ಕೆರೆ ಕಾಣುತ್ತವೆ. ಪ್ರಮಾಣ ಚಿಕ್ಕದಾದಷ್ಟೂ ಜಾಗ ಹೆಚ್ಚು, ವಿವರ ಕಡಿಮೆ.

ತಪ್ಪು ಕಲ್ಪನೆ: ಜಿಲ್ಲೆಯ ಗೆರೆಯೇ ಜನಜೀವನದ ಗೆರೆ.

ಆಡಳಿತದ ಪ್ರದೇಶ ಒಂದು, ಓಡಾಟದಿಂದ ಮೂಡುವ ಪ್ರದೇಶ ಇನ್ನೊಂದು. ರೈಲು ಇರುವುದು ಯಾದಗಿರಿಯಲ್ಲಿ. ಶಹಾಪುರ, ಸುರಪುರಗಳನ್ನು ಹೆಣೆಯುವುದು ಜೇವರ್ಗಿ ಕಡೆಯಿಂದ ಲಿಂಗಸುಗೂರಿನತ್ತ ಸಾಗುವ ಹೆದ್ದಾರಿ. ಕಚೇರಿ ಕೆಲಸಕ್ಕೆ ಯಾದಗಿರಿಗೆ ಹೋಗುವ ಮನೆಯವರೇ ದೊಡ್ಡ ಆಸ್ಪತ್ರೆಗೆ, ವಿಶ್ವವಿದ್ಯಾಲಯಕ್ಕೆ ಕಲಬುರಗಿಯ ಬಸ್ಸು ಹತ್ತುತ್ತಾರೆ. ತಿಂಥಣಿ ಮೌನೇಶ್ವರನ ಜಾತ್ರೆಗಾಗಲಿ, ಮೈಲಾಪುರದ ಮಲ್ಲಯ್ಯನಲ್ಲಿಗಾಗಲಿ ಬರುವ ಭಕ್ತರ ಹರವು ಯಾವ ತಾಲ್ಲೂಕಿನ ಗಡಿಯನ್ನೂ ಕೇಳುವುದಿಲ್ಲ.

ಇಂಥ ಪ್ರದೇಶವನ್ನು ಅಳೆಯಲು ದುಬಾರಿ ಉಪಕರಣ ಬೇಡ. 1950ರಲ್ಲಿ ಎಫ್. ಎಚ್. ಡಬ್ಲ್ಯು. ಗ್ರೀನ್ ಎಂಬವರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಪಟ್ಟಣಗಳ ವ್ಯಾಪ್ತಿಯನ್ನು ಬಸ್ ವೇಳಾಪಟ್ಟಿಗಳಿಂದಲೇ ಗುರುತಿಸಿದರು. ಶಹಾಪುರದ ಬಸ್ ನಿಲ್ದಾಣದಲ್ಲಿ ಒಂದು ದಿನ ಕುಳಿತು, ಯಾವ ಹಳ್ಳಿಗೆ ದಿನಕ್ಕೆ ಎಷ್ಟು ಗಾಡಿ, ಯಾರು ಏನು ಕೆಲಸಕ್ಕೆ ಬಂದಿದ್ದಾರೆ ಎಂದು ಕೇಳಿ ಬರೆದುಕೊಳ್ಳುವ ವಿದ್ಯಾರ್ಥಿ ಅದೇ ಕೆಲಸವನ್ನು ಇಲ್ಲಿ ಮಾಡಬಲ್ಲ.