ಭೀಮೆಯ ಮೀನು ಕಾವೇರಿಗೆ ಹೋದಾಗ

ವಿಜಯಪುರ: ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ತಿಕೋಟಾ, ಬಬಲೇಶ್ವರ ಭಾಗದ ಕೆರೆಗಳಿಗೆ ಕೃಷ್ಣೆಯ ನೀರು ಬಂದಿದೆ. ನೀರು ನಿಂತ ಕೆರೆಗೆ ಮೀನುಮರಿ ಬಿಡುವುದು ರೂಢಿ. ಆ ಮರಿ ಯಾವ ನದಿಯ ಮೂಲದ್ದು ಎಂಬ ಪ್ರಶ್ನೆ ಸಣ್ಣದಲ್ಲ ಎಂಬುದಕ್ಕೆ ಮಹಶೀರ್ ಮೀನು ನಿದರ್ಶನ.

ನೀಲಿ ರೆಕ್ಕೆಯ ಮಹಶೀರ್ ಕೃಷ್ಣಾ ಕೊಳ್ಳಕ್ಕೆ ಸೇರಿದ್ದು. ಪುಣೆ ಬಳಿಯ ಮುಳಾ-ಮುಠಾ ನದಿಯಲ್ಲಿ ದೊರೆತ ಮೀನನ್ನು ಆಧರಿಸಿ ಸೇನಾಧಿಕಾರಿ ಸೈಕ್ಸ್ 1839ರಲ್ಲಿ ಅದನ್ನು ದಾಖಲಿಸಿದರು. ಆ ನದಿಯ ನೀರು ಭೀಮೆಯನ್ನು ಕೂಡಿ ವಿಜಯಪುರ ಜಿಲ್ಲೆಯ ಗಡಿಯಲ್ಲಿ ಹರಿಯುತ್ತದೆ. ಕಾವೇರಿಯದು ಬೇರೆಯೇ ಮೀನು: ಗೂನು ಬೆನ್ನು, ಕಿತ್ತಳೆ ಬಣ್ಣದ ರೆಕ್ಕೆ. ಕಾವೇರಿಯ ಉಪನದಿ ಕಬಿನಿಯಲ್ಲಿ 1946ರಲ್ಲಿ ಗಾಳಕ್ಕೆ ಸಿಕ್ಕ ಇಂತಹ ಮೀನು 120 ಪೌಂಡ್ ತೂಗಿತ್ತು.

1970ರ ದಶಕದಿಂದ ಟಾಟಾ ವಿದ್ಯುತ್ ಸಂಸ್ಥೆಯ ಲೋಣಾವಳ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಅವು ಹೆಚ್ಚಿದವು, ಮೂಲ ಮೀನು ಕ್ಷೀಣಿಸಿತು. 2018ರಲ್ಲಿ ವಿಜ್ಞಾನಿಗಳು ದೇಹರಚನೆಯ ಜೊತೆಗೆ, ತಾಯಿಯಿಂದ ಮರಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನೂ ಹೋಲಿಸಿ, ಕಾವೇರಿಯ ಮೀನನ್ನು ‘ಟಾರ್ ರೆಮಾದೇವಿ’ ಎಂಬ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದರು. ಅದೇ ವರ್ಷ ಅದು ಐಯುಸಿಎನ್‌ನ ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ಸಂರಕ್ಷಣೆಯ ಹೆಸರಿನಲ್ಲಿ ಬಿಟ್ಟ ಮೀನೇ ಇನ್ನೊಂದು ನದಿಯ ಮೀನಿಗೆ ಕಂಟಕವಾಗಬಹುದು ಎಂಬುದು ಇದರ ಪಾಠ. ಕೆರೆಯ ಮೀನು ಕೆರೆಯಲ್ಲೇ ಉಳಿಯುವುದಿಲ್ಲ. ಕೋಡಿ ಹರಿದರೆ ಹಳ್ಳ ಹಿಡಿದು ಡೋಣಿ ನದಿಗೆ, ಅಲ್ಲಿಂದ ಕೃಷ್ಣೆಗೆ ಸೇರಬಲ್ಲದು. ಒಮ್ಮೆ ತಳಿ ಬೆರೆತರೆ ಮತ್ತೆ ಬೇರ್ಪಡಿಸುವುದು ಅಸಾಧ್ಯ. ಆದ್ದರಿಂದ ಮರಿ ಬಿಡುವ ಮುನ್ನವೇ ಅದರ ಮೂಲವನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.