ಬಾಸ್ ಜಪಾನಿನವರೇ? ಗಾಬರಿ ಬೇಡ!

ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಜಪಾನಿ ಕಂಪನಿಯಲ್ಲಿ ಕೆಲಸ ಸಿಕ್ಕಿದೆಯೇ? ಅಭಿನಂದನೆ. 1997ರಲ್ಲಿ ಬಿಡದಿಗೆ ಟೊಯೊಟಾ ಬಂದ ಮೇಲೆ ಈ ಕಡೆಯವರಿಗೆ ಅವರ ರೀತಿ ರಿವಾಜು ತೀರಾ ಹೊಸದೇನಲ್ಲ. ಆದರೂ ಮೊದಲ ತಿಂಗಳು ಫಜೀತಿ ತಪ್ಪದು.

ನನ್ನ ಕಥೆಯನ್ನೇ ಕೇಳಿ. ಕೆಲಸಕ್ಕೆ ಸೇರಿದ ಹೊಸತು, ಗೌರಿಹಬ್ಬಕ್ಕೆ ಎರಡು ದಿನ ರಜೆ ಕೇಳಿದೆ. ಮ್ಯಾನೇಜರ್ ತಲೆಯಾಡಿಸುತ್ತಾ 'ಹಾಯ್, ಹಾಯ್' ಅಂದರು. ಹಾಯ್ ಅಂದ್ರೆ ಹೌದು ಅಂತ ಕಲಿತಿದ್ದೆನಲ್ಲ, ತವರಿನ ಬಸ್ ಹತ್ತೇಬಿಟ್ಟೆ! ವಾಪಸು ಬಂದಾಗ ಗೊತ್ತಾಯಿತು, ರಜೆ ಮಂಜೂರೇ ಆಗಿರಲಿಲ್ಲ. 'ನಿಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದೇನೆ' ಅನ್ನುವುದಕ್ಕೂ ಅವರು ಹಾಯ್ ಎನ್ನುತ್ತಾರೆ, ಕಥೆ ಕೇಳುವ ಮಗು ಹ್ಞೂಂಗುಟ್ಟುವ ಹಾಗೆ. ಇನ್ನು ಉಸಿರೆಳೆದುಕೊಂಡು 'ಸ್ವಲ್ಪ ಕಷ್ಟ...' ಎಂದರೋ, ಅದು ಬಹುತೇಕ 'ಆಗಲ್ಲ' ಎಂದೇ ಅರ್ಥ. ಆದ್ದರಿಂದ ಮಾತು ಮುಗಿದ ಮೇಲೆ ಒಂದು ಸಾಲಿನ ಮೇಲ್ ಕಳಿಸಿ. ಉತ್ತರ ಬಂದ ಮೇಲಷ್ಟೇ ಟಿಕೆಟ್ ತೆಗೆಸಿ.

ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ಓದಿ, ಮೀಟಿಂಗ್ ಮುಗಿಯುವ ತನಕ ಮೇಜಿನ ಮೇಲಿರಲಿ. ಅರಿಶಿನ ಕುಂಕುಮದ ತಟ್ಟೆ ಹಿಡಿದು ಬೆಳೆದ ನಮಗೆ ಇದೇನು ಮಹಾ! ಬೇರೆಯವರ ಹೆಸರಿಗೆ 'ಸಾನ್' ಸೇರಿಸಿ. ನಿಮ್ಮ ಹೆಸರಿಗೆ ಮಾತ್ರ ಬೇಡ, ತನ್ನನ್ನು ತಾನೇ 'ಅವರು' ಎಂದು ಕರೆದುಕೊಂಡಂತಾಗುತ್ತದೆ.

'ಹೋರೆನ್ಸೋ' ಎಂಬ ಪದ ದಿನಾ ಕಿವಿಗೆ ಬೀಳುತ್ತದೆ. ಪಾಲಕ್ ಸೊಪ್ಪಿಗೂ ಅದೇ ಹೆಸರು! ಇಲ್ಲಿ ಅದರ ಅರ್ಥ ವರದಿ ಒಪ್ಪಿಸು, ವಿಷಯ ತಿಳಿಸು, ಸಲಹೆ ಕೇಳು. ಕೆಲಸ ಮುಗಿದ ಮೇಲೆ ಹೇಳಿದರಾಯಿತು ಎನ್ನುವ ನಮ್ಮ ಅಭ್ಯಾಸ ನಡೆಯದು. ತಪ್ಪಾಗಿದ್ದರಂತೂ ಆಗಲೇ ಹೇಳಿಬಿಡಿ.

ಹುಡುಗಿಯರು ಗುಟ್ಟಾಗಿ ಕೇಳುವ ಪ್ರಶ್ನೆ ಬೇರೆಯೇ. ಆಫೀಸ್ ಮುಗಿದ ಮೇಲೆ 'ನೋಮಿಕಾಯ್', ಅಂದರೆ ಕುಡಿಯುವ ಕೂಟ ಇರುತ್ತಲ್ಲ, ಹೋಗಲೇಬೇಕಾ? ಬೇಡವೆನ್ನಿಸಿದರೆ ಬೇಡ. ಹೋದರೂ ಜ್ಯೂಸ್ ಹಿಡಿದೇ 'ಕಂಪಾಯ್' ಅನ್ನಬಹುದು. ಲೋಟ ಖಾಲಿಯಾದರೆ ಪಕ್ಕದವರು ತುಂಬಿಸುವುದು ಅವರ ಪದ್ಧತಿ, ಹಾಗಾಗಿ ತುಂಬಿಯೇ ಇಟ್ಟುಕೊಳ್ಳಿ. ಹಿರಿಯರಿಗೆ ಹುಡುಗಿಯರೇ ಸುರಿಯಬೇಕು ಎಂದು ಯಾರಾದರೂ ಅಂದರೆ, ಅದು ನಿಮ್ಮ ಕೆಲಸದ ಪಟ್ಟಿಯಲ್ಲಿಲ್ಲ. ಸಂಸ್ಕೃತಿಯ ಹೆಸರಲ್ಲಿ ಮೈ ಮುಟ್ಟುವುದನ್ನು ಸಹಿಸಬೇಕಿಲ್ಲ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಕೆಲಸದ ನಿಮಿತ್ತ ಹೋದ ಜಾಗಕ್ಕೂ ಕಂಪನಿಯ ಕ್ಯಾಬ್‌ಗೂ ಅನ್ವಯಿಸುತ್ತದೆ. ಹತ್ತು ಮಂದಿ ಕೆಲಸಗಾರರಿದ್ದರೂ ಆಂತರಿಕ ಸಮಿತಿ ಇರಲೇಬೇಕು. ಮೂರು ತಿಂಗಳೊಳಗೆ ಲಿಖಿತ ದೂರು ಕೊಡಿ.

ಹೊರಡುವಾಗ 'ಒಸಾಕಿ ನಿ ಶಿತ್ಸುರೇ ಶಿಮಾಸು' ಅನ್ನಿ. ನಿಮಗಿಂತ ಮೊದಲೇ ಹೊರಟೆ, ಕ್ಷಮಿಸಿ ಎಂದರ್ಥ. ಅಷ್ಟು ಹೇಳಿ ಎದ್ದುಬಿಡಿ. ಕ್ಯಾಬ್ ಮಾತ್ರ ಮೊದಲೇ ಹೇಳಿಟ್ಟಿರಿ.