ಮಕ್ಕಳು ಹೊಸ್ತಿಲು ದಾಟದಿರಲಿ

2021ರ ನವೆಂಬರ್ ತಿಂಗಳು. ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮ ಪ್ರಶಸ್ತಿ ಪ್ರದಾನ ಸಮಾರಂಭ. ಸೀರೆಯುಟ್ಟ ಕಲಾವಿದೆಯೊಬ್ಬರು ಮುಂದೆ ಬಂದು, ಆಗ ರಾಷ್ಟ್ರಪತಿಯಾಗಿದ್ದ ರಾಮನಾಥ ಕೋವಿಂದ್ ಅವರಿಗೆ ಸೆರಗಿನಿಂದ ದೃಷ್ಟಿ ನಿವಾಳಿಸಿ ‘ಪದ್ಮಶ್ರೀ’ ಸ್ವೀಕರಿಸಿದರು. ಸಭಾಂಗಣ ಚಪ್ಪಾಳೆ ತಟ್ಟಿತು. ಅವರು ಜೋಗತಿ ನೃತ್ಯದ ಮಂಜಮ್ಮ ಜೋಗತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪೀಠವೇರಿದ ಮೊದಲ ಟ್ರಾನ್ಸ್‌ಜೆಂಡರ್ ವ್ಯಕ್ತಿಯೂ ಅವರೇ.

ಪತ್ರಿಕೆಯಲ್ಲಿ ಆ ಚಿತ್ರ ಕಂಡು ಹೆಮ್ಮೆಪಟ್ಟ ಮನೆಗಳು ನಾಡಿನಲ್ಲಿ ಬಹಳ. ಆದರೆ ಅದೇ ಮನೆಯ ಹುಡುಗನೊಬ್ಬ ಅಕ್ಕನ ದಾವಣಿ ಹೊದ್ದು ಕನ್ನಡಿಯ ಮುಂದೆ ನಿಂತರೆ? ಆಗ ಹೆಮ್ಮೆ ಎಲ್ಲಿ ಹೋಗುತ್ತದೆ?

ಅಂಗಳದವರೆಗಿನ ಗೌರವ

ಮಂಜಮ್ಮ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ. ಹೆತ್ತವರು ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಹದಿಹರೆಯ ಬರುವ ಹೊತ್ತಿಗೆ ತಾನು ಹೆಣ್ಣು ಎಂಬ ಅರಿವು ಒಳಗೆ ಗಟ್ಟಿಯಾಗಿತ್ತು. 1975ರಲ್ಲಿ ಹೆತ್ತವರು ಹೊಸಪೇಟೆ ಸಮೀಪದ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಜೋಗಪ್ಪ ದೀಕ್ಷೆ ಕೊಡಿಸಿದರು. ಉಡಿದಾರ ಹರಿದು, ಲಂಗ, ರವಿಕೆ, ಬಳೆ ತೊಡಿಸುವ ವಿಧಿ ಅದು. ಮಗನನ್ನು ಕಳೆದುಕೊಂಡೆನೆಂದು ತಾಯಿ ಅತ್ತರು.

ಮುಂದೆ ಮನೆ ತಪ್ಪಿತು. ಸಾಯಲು ಯತ್ನಿಸಿ ಬದುಕಿ ಉಳಿದರು. ಬೀದಿಯಲ್ಲಿ ಭಿಕ್ಷೆ ಬೇಡಿದರು, ದುರುಳರಿಂದ ಅತ್ಯಾಚಾರಕ್ಕೆ ಒಳಗಾದರು. ದಾವಣಗೆರೆಯಲ್ಲಿ ತಂದೆ–ಮಗ ಇಬ್ಬರು ಹಾಡಿ ಕುಣಿಯುವುದನ್ನು ಕಂಡು ಜೋಗತಿ ನೃತ್ಯಕ್ಕೆ ಮನಸೋತರು. ಅಲ್ಲಿಂದ ಕಾಳವ್ವ ಜೋಗತಿಯ ಬಳಿ ಸೇರಿ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಕಲೆ ಕಲಿತರು. ಗುರು ತೀರಿಕೊಂಡ ಮೇಲೆ ತಂಡವನ್ನು ತಾವೇ ಮುನ್ನಡೆಸಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು.

ನಮ್ಮ ಸಮಾಜಕ್ಕೆ ಇಂಥವರು ಹೊಸಬರಲ್ಲ ಎಂಬುದಕ್ಕೆ ಜೋಗಪ್ಪಂದಿರ ಪರಂಪರೆಯೇ ಸಾಕ್ಷಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದೇವಿಯನ್ನು ಹೊತ್ತು ಬಂದ ಜೋಗಪ್ಪನಿಗೆ ಮೊರದಲ್ಲಿ ಜೋಳ ತಂದು ನೀಡಿ ಕೈ ಮುಗಿಯುತ್ತಾರೆ. ಆದರೆ ಆ ಗೌರವ ಅಂಗಳದವರೆಗೆ ಮಾತ್ರ. ಹೆತ್ತ ಮನೆಯ ಪಡಸಾಲೆಯಲ್ಲಿ ಮಗನೋ ಮಗಳೋ ಆಗಿ ಉಳಿಯುವ ಅವಕಾಶ ಎಷ್ಟು ಮಂದಿಗೆ ಸಿಕ್ಕಿದೆ? ಮಂಜಮ್ಮ ಗೆದ್ದರು ನಿಜ. ಆದರೆ ಹೊಸ್ತಿಲು ದಾಟಿದ ಮಕ್ಕಳೆಲ್ಲ ರಾಷ್ಟ್ರಪತಿ ಭವನ ತಲುಪುವುದಿಲ್ಲ.

ವಿಜ್ಞಾನ ಏನೆನ್ನುತ್ತದೆ?

ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಎಕ್ಸ್‌ಎಕ್ಸ್, ಎಕ್ಸ್‌ವೈ ವರ್ಣತಂತುಗಳ ಪಾಠ ದೇಹಕ್ಕೆ ಸಂಬಂಧಿಸಿದ್ದು. ತಾನು ಹೆಣ್ಣೋ ಗಂಡೋ, ಅಥವಾ ಎರಡರ ಚೌಕಟ್ಟಿಗೂ ಹೊಂದದವರೋ ಎಂಬ ಒಳಗಿನ ಅರಿವು ಎರಡನೆಯದು, ಇದೇ ಲಿಂಗತ್ವ. ಮನಸ್ಸು ಯಾರತ್ತ ಒಲಿಯುತ್ತದೆ ಎಂಬುದು ಮೂರನೆಯದು. ಬಹುಪಾಲು ಜನರಲ್ಲಿ ಇವು ರೂಢಿಯ ಜಾಡಿನಲ್ಲೇ ಸಾಗುತ್ತವೆ, ಕೆಲವರಲ್ಲಿ ಸಾಗುವುದಿಲ್ಲ. ಎಡಗೈಯಲ್ಲಿ ಬರೆಯುವ ಮಗುವಿನ ಕೈಗೆ ಹೊಡೆದು ಬಲಗೈಗೆ ಬಳಪ ಹಿಡಿಸುತ್ತಿದ್ದ ಕಾಲವಿತ್ತು. ಏಟಿನಿಂದ ಮಗು ಅಂಜಿತೇ ಹೊರತು ಅದರ ಸಹಜ ಒಲವು ಬದಲಾಗಲಿಲ್ಲ.

ಸಲಿಂಗ ಆಕರ್ಷಣೆಗೆ ಒಂದೇ ಜೀನ್ ಕಾರಣವೇ ಎಂದು ಸುಮಾರು 4.77 ಲಕ್ಷ ಜನರ ಮಾಹಿತಿ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅಂಥ ಒಂಟಿ ಜೀನ್ ಇಲ್ಲ. ಅನೇಕ ಜೀನ್‌ಗಳ ಅಲ್ಪಸ್ವಲ್ಪ ಪ್ರಭಾವಕ್ಕೆ ಬೇರೆ ಕಾರಣಗಳೂ ಕೂಡುತ್ತವೆ ಎಂದು ಅದು ಕಂಡುಕೊಂಡಿತು. ಕಾರಣ ಪೂರ್ತಿ ತಿಳಿದಿಲ್ಲವೆಂದ ಮಾತ್ರಕ್ಕೆ ಅದು ಕಾಯಿಲೆಯಾಗದು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. 2019ರಲ್ಲಿ ಅಂಗೀಕರಿಸಿದ ಪಟ್ಟಿಯಲ್ಲಿ ಟ್ರಾನ್ಸ್‌ಜೆಂಡರ್ ಆಗಿರುವುದನ್ನೂ ಮಾನಸಿಕ ಕಾಯಿಲೆಗಳ ಸಾಲಿನಿಂದ ಹೊರಗಿಟ್ಟಿತು. ‘ಸರಿಪಡಿಸುತ್ತೇವೆ’ ಎನ್ನುವ ಚಿಕಿತ್ಸೆ ವೃತ್ತಿಗೆ ಸಲ್ಲದ ದುರ್ನಡತೆ ಎಂದು ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು.

ಕಾನೂನು ಬದಲಾಯಿತು, ಮನೆ?

ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ತೀರ್ಪು ನೀಡಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ಹುದ್ದೆಗಳಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ 1ರಷ್ಟು ಮೀಸಲಾತಿ ತಂದಿತು. ಇವೆಲ್ಲಕ್ಕಿಂತ ಪಾಲಕರಿಗೆ ಹತ್ತಿರದ ಮಾತು 2019ರ ಕೇಂದ್ರ ಕಾಯ್ದೆಯಲ್ಲಿ ಬಂತು: ನ್ಯಾಯಾಲಯದ ಆದೇಶವಿಲ್ಲದೆ, ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಮಗುವನ್ನು ತಂದೆ–ತಾಯಿಯಿಂದ ಅಗಲಿಸಬಾರದು. ಕಾನೂನು ಅಗಲಿಸಬೇಡಿ ಎಂದು ಹೇಳಬಲ್ಲದು. ಅಪ್ಪಿಕೊಳ್ಳಿ ಎಂದು ಆಜ್ಞೆ ಮಾಡಲಾರದು. ಆ ಕೆಲಸ ಹೆತ್ತವರದೇ.

ಮಗ ರಂಗೋಲಿ ಹಾಕಿದ, ಮಗಳು ಕ್ರಾಪು ಕತ್ತರಿಸಿಕೊಂಡಳು ಎಂದ ಮಾತ್ರಕ್ಕೆ ಪಾಲಕರು ಏನನ್ನೂ ತೀರ್ಮಾನಿಸಬೇಕಿಲ್ಲ. ಅದು ಬರೀ ಇಷ್ಟವಿರಬಹುದು. ಆದರೆ ಮಗು ತಾನಾಗಿ ಬಂದು ಮನಸ್ಸು ಬಿಚ್ಚಿದರೆ, ಅದು ಬಹಳ ದಿನ ನಿದ್ದೆಗೆಟ್ಟು ಕೂಡಿಸಿದ ಧೈರ್ಯ ಎಂದು ತಿಳಿಯಬೇಕು. ಆ ಕ್ಷಣದಲ್ಲಿ ‘ನಾಲ್ಕು ಜನ ಏನಂತಾರೆ’ ಎಂಬ ಪ್ರಶ್ನೆ ಬೇಡ. ಆ ನಾಲ್ಕು ಜನ ಮಗುವಿಗೆ ಜ್ವರ ಬಂದಾಗ ರಾತ್ರಿ ಎದ್ದು ಕೂತವರಲ್ಲ. ಪೂರ್ತಿ ಅರ್ಥವಾಗದಿದ್ದರೂ ‘ಊಟ ಮಾಡು, ನಾಳೆ ಮಾತಾಡೋಣ, ನೀನು ನಮ್ಮ ಮಗುವೇ’ ಎಂದರೆ ಸಾಕು. ಅರ್ಥವಾಗಲು ಕಾಲ ಹಿಡಿಯುತ್ತದೆ; ಪ್ರೀತಿಸಲು ಅರ್ಥವಾಗುವವರೆಗೆ ಕಾಯಬೇಕಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ‘ಹೆಣ್ಣಿಗ’, ‘ಗಂಡುಬೀರಿ’ ಎಂಬ ಪದಗಳು ಕೂಗಿದವರಿಗೆ ಆಟ. ಕೇಳಿಸಿಕೊಂಡವರಿಗೆ ಶಾಲೆ ಬಿಡಲು ಕಾರಣ. ಲಿಂಗತ್ವ ಅಥವಾ ಲೈಂಗಿಕ ಒಲವಿನ ಹೆಸರಿನಲ್ಲಿ ಮಾಡುವ ಕಿರುಕುಳವೂ ರ‍್ಯಾಗಿಂಗೇ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2016ರಲ್ಲೇ ನಿಯಮ ಮಾಡಿತು. ಬೆಂಚಿನ ಕೊನೆಯಲ್ಲಿ ಒಂಟಿಯಾಗಿ ಕೂತವರ ಪಕ್ಕ ಹೋಗಿ ಕೂರಲು ಮಾತ್ರ ಯಾವ ನಿಯಮವೂ ಬೇಕಿಲ್ಲ. ಮನೆಯಲ್ಲಿ ಹೇಳಲಾಗದ ಸಂಕಟವಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮಾನಸಿಕ ಆರೋಗ್ಯದ ‘ಟೆಲಿ ಮಾನಸ್’ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಂಜಮ್ಮ ಕೊಡ ಹೊತ್ತು ಕುಣಿಯುವಾಗ ನೋಡುವವರು ಉಸಿರು ಬಿಗಿಹಿಡಿಯುತ್ತಾರೆ, ಎಲ್ಲಿ ಬಿದ್ದೀತೋ ಎಂದು. ಸಂಪ್ರದಾಯದ ಮನೆಯೊಳಗೆ ತನ್ನ ಗುಟ್ಟನ್ನು ಹೊತ್ತು ನಡೆಯುವ ಮಗುವಿನ ತಲೆಯ ಮೇಲೂ ಅಂಥದೇ ಒಂದು ಕೊಡವಿದೆ. ಅದನ್ನು ಇಳಿಸಲು ಕೈ ನೀಡಬೇಕಾದವರು ಮನೆಯವರೇ.